‘ಗಿವ್ ಅಪ್’: ಕೊಡುವುದೋ, ಬಿಡುವುದೋ?

ಆಂಗ್ಲದ ‘ಗಿವ್ ಅಪ್’ ಎಂಬುದರಲ್ಲಿ ‘ಮೇಲೆ ಕೊಡು’ ಎಂಬರ್ಥವನ್ನರಸಿ ಸೋತ ವಿದ್ಯಾರ್ಥಿಯೊಬ್ಬನು, ಶಾಲೆಯನ್ನೇ ಬಿಡುವೆನೆಂದು ನನ್ನಲ್ಲಿಗೆ ಬಂದನು. ವ್ಯಾಕರಣವನ್ನು ಗುರುಮುಖದಿಂದ ಕಲಿತ ನನಗೆ ಈ ತೊಡಕು ಹೊಸದೆನಿಸಲಿಲ್ಲ. ಸಂಸ್ಕೃತದ ‘ದಾ’ ಧಾತುವಿಗೆ ಕೊಡುವುದೆಂದರ್ಥ. ‘ಆ’ ಎಂಬ ಉಪಸರ್ಗ ಸೇರಿದೊಡನೆ ‘ಆದಾನ’, ಎಂದರೆ ತೆಗೆದುಕೊಳ್ಳುವುದು! ಆಂಗ್ಲರಲ್ಲಿ ಅಂಥ ಪದವು ಧಾತುವಿನ ಅನಂತರ ಬರುತ್ತದೆ, ಅಷ್ಟೆ. ಇಂಥವು ಪರದೇಶೀಯರಿಗೆ ಕಡುಕಷ್ಟವೆಂದು 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನೇ ಒಪ್ಪಿರುವಾಗ, ಪಾಪ, ನಮ್ಮ ಹುಡುಗನದೇನು ತಪ್ಪು? ಕೋಟೆಯನ್ನೋ ಸೆರೆಯಾಳನ್ನೋ ಒಪ್ಪಿಸುವುದು ‘ಗಿವ್ ಅಪ್’ನ ಹಳೆಯ ಅರ್ಥ; ಯತ್ನವನ್ನು ತೊರೆಯುವುದು ಆಮೇಲಿನದು. ‘ಈಟ್ ಅಪ್’ನಲ್ಲಿರುವಂತೆ ಇಲ್ಲಿಯೂ ‘ಅಪ್’ ದಿಕ್ಕನ್ನಲ್ಲ, ಪೂರ್ಣತೆಯನ್ನು ಸೂಚಿಸುತ್ತದೆ. ನಮ್ಮ ‘ಬಿಟ್ಟುಕೊಡು’ ಎಂಬಲ್ಲಿಯೂ ‘ಕೊಡು’ ಇದೆಯಲ್ಲವೇ ಎಂದಾಗ ಹುಡುಗನ ಮುಖವರಳಿತು. ಮರುದಿನ ಅವನು ‘ಗಿವ್ ಇನ್’ ಎಂಬುದನ್ನು ಹಿಡಿದು ಬಂದನು.