ಪಾಳಾದ ಹಾದಿಯಲ್ಲಿ ಜೀಪಿನ ನರಮಂಡಲ

ಶಿರಸಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಮಳಗಿ ದಾಟಿದರೆ ಮುಂಡಗೋಡದ ಹಾದಿಯಲ್ಲಿ ಸಿಗುವ ಊರು ಪಾಳಾ. ಉತ್ತರ ಕನ್ನಡ ಜಿಲ್ಲೆಯ ಈ ಊರು ಮಲೆನಾಡಿನದೋ ಬಯಲುಸೀಮೆಯದೋ ಎಂದರೆ ಎರಡಕ್ಕೂ ಹೌದೆನ್ನಬೇಕು. ಪಶ್ಚಿಮಕ್ಕೆ ಶಿರಸಿ, ಯಲ್ಲಾಪುರಗಳ ಕಾಡು. ಪೂರ್ವಕ್ಕೆ ಹಾನಗಲ್ಲಿನ ಹೊಲಗಳು. ನಡುವೆ ಭತ್ತದ ಗದ್ದೆ, ಗೋವಿನಜೋಳ, ಕೆರೆ. ದೊಡ್ಡ ರಸ್ತೆ ಬಿಟ್ಟು ತೋಟದ ಮನೆಗಳ ಕಡೆಗೋ ಗೌಳಿಗರ ದೊಡ್ಡಿಗಳ ಕಡೆಗೋ ತಿರುಗಿದರೆ ಮಳೆಗಾಲದಲ್ಲಿ ರಾಡಿ ಕಾಲು ಹಿಡಿಯುತ್ತದೆ. ಇಂಥ ಸೀಮೆಯಲ್ಲಿ ಹೊಸ ಕಾರಿಗಿಂತ ಹಳೆಯ ಜೀಪಿಗೇ ಮರ್ಯಾದೆ ಹೆಚ್ಚು.

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಅದರ ಜೋಡಣೆ ಆರಂಭಿಸಿತು. ಅಲ್ಲಿಂದ ಬಂದ ಪೀಳಿಗೆಯ ಜೀಪುಗಳು ಶಿರಸಿಯ ಕೆಎ 31 ಫಲಕ ಹೊತ್ತು ಈ ಭಾಗದಲ್ಲಿ ಅಡಿಕೆ, ಹುಲ್ಲು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿವೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ತಗಡು ತುಕ್ಕು ಹಿಡಿದರೆ ಬೆಸುಗೆ ಹಾಕಬಹುದು. ಆದರೆ ಯಾರ ಕಣ್ಣಿಗೂ ಬೀಳದೆ ಮುದಿಯಾಗುವ ಅಂಗವೊಂದಿದೆ. ಅದೇ ವೈರಿಂಗು!

ಬ್ಯಾಟರಿಯಿಂದ ದೀಪ, ಹಾರನ್ನು, ಇಂಡಿಕೇಟರು, ಮೀಟರುಗಳಿಗೆ ಹೋಗುವ ತಂತಿಗಳನ್ನೆಲ್ಲ ಒಂದು ಕಟ್ಟಾಗಿ ಸುತ್ತಿರುತ್ತಾರೆ. ಇದಕ್ಕೆ ಹಾರ್ನೆಸ್ ಎಂದು ಹೆಸರು. ದೇಹದಲ್ಲಿ ನರಗಳಿದ್ದಂತೆ ಜೀಪಿನಲ್ಲಿ ಇದು. ಎಂಜಿನ್ನಿನ ಕಾವಿಗೆ ತಂತಿಯ ಹೊದಿಕೆ ಒಣಗಿ ಬಿರಿಯುತ್ತದೆ. ಮಳೆಯ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಇಲಿ ಕಡಿದರಂತೂ ಕೇಳುವುದೇ ಬೇಡ. ಹಳೆಯ ಡೀಸೆಲ್ ಎಂಜಿನ್ನಿಗೆ ಇನ್ನೊಂದು ಗುಣವಿದೆ. ಒಮ್ಮೆ ಶುರುವಾದರೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಹೀಗಾಗಿ ಸೆಲ್ಫ್ ಕೈಕೊಟ್ಟರೆ ಇಳಿಜಾರಿನಲ್ಲಿ ನಿಲ್ಲಿಸಿ, ತಳ್ಳಿ ಶುರು ಮಾಡಿ, ವೈರಿಂಗಿನ ರಗಳೆಯನ್ನು ಮುಂದಿನ ಬೇಸಿಗೆಗೆ ತಳ್ಳುವವರೇ ಬಹಳ. ಅಮಾವಾಸ್ಯೆಯ ರಾತ್ರಿ, ಜಡಿಮಳೆಯಲ್ಲಿ, ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಒಯ್ಯುವಾಗ ದೀಪ ಆರಿದರೆ ಮುಂದೂಡಿದ್ದರ ಬೆಲೆ ತಿಳಿಯುತ್ತದೆ.

ಶಾಲೆಯಲ್ಲಿ ಕಲಿತ ಓಮ್ ನಿಯಮಕ್ಕೆ ಇಲ್ಲಿ ಕೆಲಸವುಂಟು. 12 ವೋಲ್ಟಿನಲ್ಲಿ 60 ವಾಟಿನ ಒಂದು ಬಲ್ಬಿಗೆ 5 ಆಂಪಿಯರ್ ಬೇಕು. ಎರಡು ಹೆಡ್‌ಲೈಟಿಗೆ 10. ಹಸಿರುಗಟ್ಟಿದ ಜೋಡಣೆಯೊಂದು 0.1 ಓಮ್ ತಡೆ ಒಡ್ಡಿದರೂ ಸಾಕು, 1 ವೋಲ್ಟು ಅಲ್ಲೇ ಸೋರಿಹೋಗುತ್ತದೆ. ಒಂದು ವೋಲ್ಟು ಯಾವ ಲೆಕ್ಕ ಎನ್ನಬೇಡಿ. ಬಲ್ಬಿನ ಬೆಳಕು ಸುಮಾರು ಕಾಲು ಭಾಗ ಇಳಿಯುತ್ತದೆ. ಸೋರಿದ ವಿದ್ಯುತ್ತು ಶಾಖವಾಗಿ ಆ ಜೋಡಣೆಯನ್ನೇ ಸುಡುತ್ತದೆ. ಪದೇ ಪದೇ ಹೋಗುವ ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಬಿಗಿಯುವುದಂತೂ ಬೆಂಕಿಗೆ ಕೊಟ್ಟ ಆಮಂತ್ರಣ.

ತೇಪೆಯ ಮೇಲೆ ತೇಪೆ ಹಾಕಿ ಸಾಕಾದಾಗ ಇಡೀ ಹಾರ್ನೆಸ್ ಬದಲಿಸುವುದೇ ಲೇಸು. ಈ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಮುಖ್ಯ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ನಂತರ ಹಳೆಯ ತಂತಿಗಳನ್ನು ಕೀಳುವ ಮುನ್ನ ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಕಾಗದದ ಮೇಲೆ ನಕ್ಷೆ ಬರೆದುಕೊಳ್ಳಬೇಕು. ಹಿಂದೆ ಯಾರೋ ಸೇರಿಸಿದ ತಂತಿಗಳಿರುವುದರಿಂದ ಬಣ್ಣವನ್ನಷ್ಟೇ ನಂಬುವಂತಿಲ್ಲ.

ಹೊಸ ಕಟ್ಟನ್ನು ಸೈಲೆನ್ಸರ್ ಕೊಳವೆಯಿಂದ ದೂರ ಒಯ್ಯಬೇಕು. ತಗಡಿನ ತೂತು ದಾಟುವಲ್ಲಿ ರಬ್ಬರ್ ಬಳೆ ಹಾಕದಿದ್ದರೆ ಅಂಚು ತಂತಿಯನ್ನು ದಿನದಿನವೂ ಕೊಯ್ಯುತ್ತದೆ. ಬಾಡಿ ಮತ್ತು ಚಾಸಿಸ್ ಕುಲುಕಾಡುವುದರಿಂದ ಅವುಗಳ ನಡುವೆ ತಂತಿ ಸ್ವಲ್ಪ ಸಡಿಲವಿರಬೇಕು. ಅರ್ಥ್ ಬಿಗಿಯುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಹೆಡ್‌ಲೈಟಿಗೆ ರಿಲೇ ಕೂಡಿಸಿದರೆ ಸ್ವಿಚ್ಚಿನ ಮೇಲಿನ ಭಾರ ಇಳಿಯುತ್ತದೆ.

ಕೊನೆಗೆ ಪರೀಕ್ಷೆ. ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಯ ನೆಗೆಟಿವ್ ತುದಿಗೂ ಬಿಚ್ಚಿದ ತಂತಿಗೂ ನಡುವೆ 12 ವೋಲ್ಟಿನ ಬಲ್ಬೊಂದನ್ನು ಸೇರಿಸಬೇಕು. ಬಲ್ಬು ಉರಿದರೆ ಎಲ್ಲೋ ವಿದ್ಯುತ್ತು ಹರಿಯುತ್ತಿದೆ, ಹುಡುಕಬೇಕು. ಉರಿಯದಿದ್ದರೆ ತಂತಿ ಬಿಗಿದು ಒಂದೊಂದೇ ದೀಪ ಹಚ್ಚಿ ನೋಡಬಹುದು. ಎರಡು ರೂಪಾಯಿ ಉಳಿಸಲು ಈ ಹಂತ ಬಿಟ್ಟವರು ಹೊಸ ಹಾರ್ನೆಸ್ಸನ್ನೇ ಸುಟ್ಟುಕೊಂಡಾರು.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕು. ದೀಪ, ಹಾರನ್ನು ಸರಿಯಿಲ್ಲದ ಜೀಪಿಗೆ ಅಲ್ಲಿ ದಾರಿಯಿಲ್ಲ. ಆದ್ದರಿಂದ ವೈರಿಂಗ್ ಬಲ್ಲವರಿಗೆ ಹಳ್ಳಿಗಾಡಿನಲ್ಲೂ ಕೆಲಸ ತಪ್ಪದು. ಹತ್ತನೆಯ ತರಗತಿ ಮುಗಿಸಿದವರು ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯನ್ನು 2 ವರ್ಷದಲ್ಲಿ ಪಡೆಯಬಹುದು. ಅಂಕ ಕಡಿಮೆ ಬಂದವರ ಓದು ಇದು ಎಂಬ ತಾತ್ಸಾರವನ್ನು ಪಾಲಕರು ಬಿಡುವುದು ಒಳ್ಳೆಯದು. ನಕ್ಷೆ ಓದಿ, ಲೆಕ್ಕ ಹಾಕಿ, ಕಾಣದ ದೋಷವನ್ನು ತರ್ಕದಿಂದ ಹಿಡಿಯುವುದು ಬುದ್ಧಿಯ ಕೆಲಸವೇ. ಅದನ್ನು ಬಲ್ಲ ಕೈಗಳಿದ್ದರೆ ಪಾಳಾ ಸುತ್ತಲಿನ ಕತ್ತಲ ದಾರಿಯಲ್ಲೂ ಹಳೆಯ ಜೀಪು ನಿರಾತಂಕವಾಗಿ ಮನೆ ಸೇರೀತು.