ಸುಳಿ ಸರಿಯುವ ತನಕ

ಏಪ್ರಿಲ್ ತಿಂಗಳು. ಬೆಳಗಿನ 9 ಗಂಟೆಗೇ ಕೇಶ್ವಾಪುರದ ಕುಸುಗಲ್ ರಸ್ತೆ ಕಾದು ಕುಂತಿದೆ. ಅಪಾರ್ಟ್‌ಮೆಂಟಿನ ಗೇಟಿನ ಎರಡೂ ಬದಿಗೆ ನಾಲ್ಕು ರಾಯಲ್ ಪಾಮ್, ಮಂದಿಯ ಬಾಯಲ್ಲಿ ಬಾಟಲ್ ಪಾಮ್, ನಿನ್ನೆ ಸಂಜೆ ಕ್ರೇನಿನಿಂದ ಇಳಿದು ನಿಂತಿವೆ. ಅರ್ಧಕ್ಕರ್ಧ ಗರಿ ಕತ್ತರಿಸಿ, ಉಳಿದವನ್ನು ಮೇಲಕ್ಕೆತ್ತಿ ಸುತಳಿಯಿಂದ ಬಿಗಿದಿದ್ದಾರೆ. ನೋಡಲು ಚೆಂದವಿಲ್ಲ. ದುಡ್ಡು ಕೊಟ್ಟವರ ಮುಖವೂ ಅದನ್ನೇ ಹೇಳುತ್ತಿದೆ.

"ಇಷ್ಟ ಬಿಸಲಾಗ ಹಚ್ಚಬಾರದಿತ್ತೇನ್ರಿ ಕಾಕಾ?" ಬಾಲ್ಕನಿಯಿಂದ ಹೆಣ್ಣುಮಗಳೊಬ್ಬಳು ಕೇಳುತ್ತಾಳೆ.

"ಬಿಸಲಿಗೇನೂ ಆಗೂದಿಲ್ರಿ ಅಕ್ಕಾರ. ಬುಡ ಒಣಗಬಾರದು, ಅಷ್ಟ."

ಮಾಲಿ ಕಾಕಾನ ಮಾತು ಖರೆ. ಕ್ಯೂಬಾ ಕಡೆಯ ಈ ಮರಕ್ಕೆ ಬೇರು ಬಿಡಲು ಬೆಚ್ಚಗಿನ ನೆಲವೇ ಬೇಕು. ಕಷ್ಟ ಇರುವುದು ಕಡಿದ ಬೇರಿನಲ್ಲಿ. ಕಿತ್ತು ನೆಟ್ಟ ತೆಂಗಿನ ಬೇರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮತ್ತೆ ಕವಲೊಡೆಯುತ್ತವೆ. ರಾಯಲ್ ಪಾಮಿನಲ್ಲಿ ಗಿಡ್ಡಗೆ ಕಡಿದ ಬೇರು ಬಹುಪಾಲು ಸತ್ತಂತೆಯೇ. ಕಾಂಡದ ಬುಡದಿಂದ ಹೊಸ ಬೇರು ಹೊರಡಬೇಕು. ಅಲ್ಲಿಯ ತನಕ ನೀರಿನ ಖರ್ಚು ತಗ್ಗಲೆಂದೇ ಗರಿಗಳಿಗೆ ಕತ್ತರಿ ಬಿದ್ದದ್ದು.

ಬಗ್ಗಿ ನೋಡಿ. ಸುತ್ತಲೂ ಕಪ್ಪು ಎರಿಮಣ್ಣು, ನಡುವೆ ನರ್ಸರಿಯಿಂದ ಬಂದ ಕೆಂಪು ಮಸಾರಿಯ ಗಡ್ಡೆ. ರಾತ್ರಿ ಗುಂಡಿಯ ಅಂಚಿಗೆ ಟ್ಯಾಂಕರಿನ ಪೈಪು ಬಿಟ್ಟಿದ್ದರಿಂದ ಎರಿ ಇನ್ನೂ ಕಾಲಿಗೆ ಅಂಟುತ್ತಿದೆ. ಕಾಕಾ ಗಡ್ಡೆಯೊಳಗೆ ಸರಳು ಚುಚ್ಚಿ ಎಳೆಯುತ್ತಾರೆ. ತುದಿಗೆ ಹತ್ತಿದ್ದು ಬರೀ ಧೂಳು, ಊದಿದರೆ ಹಾರುತ್ತದೆ. ಸಣ್ಣ ಕಣದ ಎರಿ ಪಕ್ಕದ ಮಸಾರಿಯ ತೇವವನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ನೆಲ ಹಸಿ, ಮರ ಬಾಯಾರಿಕೆಯಲ್ಲಿ. ಕಾಕಾ ಗಡ್ಡೆಯ ಮೇಲೆಯೇ, ಕಾಂಡದ ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿ, ಕೊಡದಿಂದ ಹಗೂರಕೆ ನೀರಿಳಿಸುತ್ತಾರೆ. ಗುಳ್ಳೆ ಏಳುತ್ತವೆ. ನಿಂತ ಮೇಲೆ ಮತ್ತೊಂದು ಕೊಡ. ಎಲ್ಲ ಓಣಿಗೂ ಮಲಪ್ರಭೆಯ ನೀರು ದಿನಾ ಬರುವ ಊರಲ್ಲವಲ್ಲ ಇದು, ಹನಿ ಹನಿಗೂ ಲೆಕ್ಕ.

ನಾಲ್ಕನೆಯದನ್ನು ಉಳಿದ ಮೂರರ ಎತ್ತರಕ್ಕೆ ಹೊಂದಲೆಂದು 1 ಅಡಿ ಹೆಚ್ಚು ಆಳಕ್ಕೆ ಇಳಿಸಿದ್ದಾರೆ. ಗೇಟಿನ ಶೋಕಿಗೆ ಮಾಡುವ ಈ ಕೆಲಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜೂನಿನಲ್ಲಿ ಎರಿ ಉಬ್ಬಿ ನೀರು ನಿಂತರೆ ಬೇರಿಗೆ ಉಸಿರೆಲ್ಲಿ? ಕಾಕಾ ಏನೂ ಅನ್ನದೆ ಸಲಿಕೆ ಹಿಡಿದು ಮಣ್ಣು ಸರಿಸತೊಡಗುತ್ತಾರೆ. ಅವರ ಸಿಟ್ಟೆಲ್ಲ ಹೊರಬೀಳುವುದು ಆಸರೆಯ ಕಂಬವನ್ನು ಕಾಂಡಕ್ಕೆ ಮೊಳೆ ಹೊಡೆದು ನಿಲ್ಲಿಸಲು ಬಂದ ಹುಡುಗನ ಮೇಲೆ.

"ಏ ತಮ್ಮಾ, ಇದೇನ ಬೇವಿನ ಗಿಡ ಅಂದ್ಕೊಂಡೀ? ಇದರ ಗಾಯ ಮಾಯೂದಿಲ್ಲೋ!"

ಹೌದು, ಪಾಮಿನ ಕಾಂಡಕ್ಕೆ ಬಿದ್ದ ತೂತು ಮರ ಇರುವ ತನಕ ತೂತೇ. ಹಸಿಗಾಯದ ವಾಸನೆಗೆ ಕೆಂಪು ಮೂತಿ ಹುಳವೂ ಬಂದೀತು. ಕಾಂಡಕ್ಕೆ ಗೋಣಿಚೀಲ ಸುತ್ತಿ, ಮೇಲೆ ಕಟ್ಟಿಗೆಯ ಪಟ್ಟಿ ಬಿಗಿದು, ಕಂಬವನ್ನು ಆ ಪಟ್ಟಿಗೆ ಹೊಡೆಯಬೇಕು.

"ಗೊಬ್ಬರ ಯಾವಾಗ್ರಿ?"

ಕಾಕಾ ಏಣಿ ಹತ್ತಿ, ಇನ್ನೂ ಬಿಚ್ಚದ ಸುಳಿಗೂ ಪಕ್ಕದ ಗರಿಯ ದಂಟಿಗೂ ಸೇರಿಸಿ ಮಾರ್ಕರಿನಿಂದ ಅಡ್ಡ ಗೆರೆ ಎಳೆಯುತ್ತಾರೆ.

"ಈಗ ಬ್ಯಾಡ್ರಿ. ಸುಳಿ ಮ್ಯಾಲಿನ ಗೆರಿ ದಂಟಿನ ಗೆರಿಗಿಂತ ಮ್ಯಾಲ ಹೋದ್ರ ಫೋನ್ ಮಾಡ್ರಿ, ತರ್ತೇನಿ."