ಅಂಗಡಿಯ ಕಣಕ, ಪುರಂದರದ ಹಣ್ಣು

ಮನೆಯ ಅಡುಗೆಯ ಎಲ್ಲೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬ ಪ್ರಶ್ನೆ ನಮ್ಮ ಹಿರಿಯರನ್ನು ಬಹುಶಃ ಕಾಡಿರಲಾರದು. ನಮ್ಮ ಒಲೆಯ ಮೇಲೆ ಬೆಂದದ್ದು ಮನೆಯದು, ಪೊಟ್ಟಣದಲ್ಲಿ ಕಟ್ಟಿಕೊಂಡು ಬಂದದ್ದು ಪೇಟೆಯದು ಎಂಬ ಸರಳವಾದ ವಿಭಾಗವೇ ಅವರಿಗೆ ಸಾಕಾಗಿತ್ತು. ಇಂದು ಪುಣೆಯಂತಹ ನಗರದಲ್ಲಿ ಸಂಸಾರ ಹೂಡಿರುವ ನಮ್ಮಂಥವರು, ಅಂಗಡಿಯ ಶೀತಪೆಟ್ಟಿಗೆಯಿಂದ ಸಿದ್ಧವಾದ ಪಫ್ ಪೇಸ್ಟ್ರಿಯ ಹಾಳೆಯೊಂದನ್ನು ಕೊಂಡುತಂದು, ಅದರೊಳಗೆ ಆಯಾ ಋತುವಿನ ಹಣ್ಣನ್ನು ತುಂಬಿ, ಗಂಟೆಯೊಂದು ಕಳೆಯುವಷ್ಟರಲ್ಲಿ ಅತಿಥಿಗಳ ಮುಂದೆ ಬಿಸಿಯಾದ ಭಕ್ಷ್ಯವನ್ನಿಟ್ಟು, "ಮನೆಯಲ್ಲೇ ಮಾಡಿದ್ದು, ತೆಗೆದುಕೊಳ್ಳಿ" ಎಂದು ಉಪಚರಿಸುವಾಗ, ಕಣಕವನ್ನು ನಾವೇ ನಾದಲಿಲ್ಲವಲ್ಲ ಎಂಬ ಸಣ್ಣದೊಂದು ಅಳುಕು ಧ್ವನಿಯಲ್ಲಿ ಸುಳಿದುಹೋಗುವುದುಂಟು. ಆ ಅಳುಕಿಗೆ ಎಡೆಯಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಏಕೆಂದರೆ ಮನೆಯೂ ಬಜಾರವೂ ಶ್ರಮವನ್ನು ಹಂಚಿಕೊಂಡೇ ನಮಗೆ ಉಣ್ಣಿಸುತ್ತ ಬಂದಿವೆ.

ಮೊದಲಿಗೆ ಆ ಹಾಳೆಯೊಳಗೆ ಅಡಗಿರುವ ಪರಿಶ್ರಮವನ್ನು ನೆನೆಯಬೇಕು. ಮೈದಾಹಿಟ್ಟಿನ ಕಣಕದ ನಡುವೆ ಬೆಣ್ಣೆಯ ಹಲಗೆಯೊಂದನ್ನಿಟ್ಟು ಮುಚ್ಚಿ, ಲಟ್ಟಿಸಿ, ಮೂರು ಮಡಿಕೆಯಾಗಿ ಮಡಿಸಿ, ತಂಪಿನಲ್ಲಿ ವಿಶ್ರಮಿಸಲು ಬಿಟ್ಟು, ಮತ್ತೆ ಲಟ್ಟಿಸಿ ಮತ್ತೆ ಮಡಿಸುವ ಈ ಕ್ರಿಯೆಯನ್ನು ಸಂಪ್ರದಾಯದಂತೆ ಆರು ಬಾರಿ ನಡೆಸಿದರೆ, ಬೆಣ್ಣೆಯ ಪದರುಗಳ ಸಂಖ್ಯೆ 729ನ್ನು ಮುಟ್ಟುತ್ತದೆ. ಒಲೆಯ ಉಗ್ರವಾದ ಶಾಖ ತಾಗಿದೊಡನೆ ಹಿಟ್ಟಿನಲ್ಲಿಯೂ ಬೆಣ್ಣೆಯಲ್ಲಿಯೂ ಇರುವ ನೀರು ಆವಿಯಾಗಿ ಪ್ರತಿಯೊಂದು ಪದರವನ್ನೂ ಮೇಲಕ್ಕೆತ್ತುತ್ತದೆ. ಕರಗಿದ ಜಿಡ್ಡು ಪದರಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ. ಈಸ್ಟಾಗಲಿ ಸೋಡಾ ಆಗಲಿ ಇಲ್ಲದೆ ಹಾಳೆಯು ಹಲವು ಪಟ್ಟು ಉಬ್ಬಿ ನಿಲ್ಲುವುದು ಈ ಆವಿಯ ಬಲದಿಂದಲೇ. ಆದರೆ ಬೆಣ್ಣೆಯು ಸುಮಾರು 35 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕರಗುವ ವಸ್ತು. ಚೈತ್ರ ವೈಶಾಖಗಳಲ್ಲಿ ಹಗಲಿನ ತಾಪ 40 ಡಿಗ್ರಿಯ ಸಮೀಪಕ್ಕೆ ಏರುವ ಪುಣೆಯ ಅಡುಗೆಮನೆಯಲ್ಲಿ ನಿಂತು ಆರು ಬಾರಿ ಮಡಿಸಲು ಹೊರಟವರ ಬೆಣ್ಣೆಯು ಎರಡನೆಯ ಮಡಿಕೆಯಲ್ಲಿಯೇ ಹಿಟ್ಟಿನೊಳಗೆ ಇಂಗಿಹೋಗುತ್ತದೆ. ಶೀತಲ ಕೊಠಡಿಯಲ್ಲಿ ಯಂತ್ರದ ನೆರವಿನಿಂದ ಆಗಬೇಕಾದ ಕೆಲಸವನ್ನು ಅಲ್ಲಿಗೇ ಒಪ್ಪಿಸುವುದು ವಿವೇಕ. ಸೋಮಾರಿತನವೆಂದು ಅದನ್ನು ಕರೆಯಬಾರದು.

ಪದರಗಳ ಈ ವಿದ್ಯೆ ನಮಗೆ ಅಪರಿಚಿತವೂ ಅಲ್ಲ. ಧಾರವಾಡದ ಕಡೆಯ ಮದುವೆಮನೆಗಳಲ್ಲಿ ಚಿರೋಟಿ ಮಾಡುವುದನ್ನು ಕಂಡವರು ಇದನ್ನು ಕೂಡಲೇ ಗುರುತಿಸಬಲ್ಲರು: ತೆಳ್ಳಗೆ ಲಟ್ಟಿಸಿದ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ನಡುನಡುವೆ ತುಪ್ಪದಲ್ಲಿ ಕಲೆಸಿದ ಅಕ್ಕಿಹಿಟ್ಟನ್ನು ಸವರಿ, ಸುರುಳಿ ಸುತ್ತಿ, ತುಂಡರಿಸಿ, ಮತ್ತೆ ಹಗುರವಾಗಿ ಲಟ್ಟಿಸಿ ಕರಿದಾಗ ಎಸಳೆಸಳಾಗಿ ಬಿಡಿಸಿಕೊಳ್ಳುವ ಆ ಭಕ್ಷ್ಯದಲ್ಲಿ ಜಿಡ್ಡು ಮಾಡುವ ಕೆಲಸವೂ ಇದೇ, ಆವಿ ಮಾಡುವ ಕೆಲಸವೂ ಇದೇ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ರಚಿಸಿದಾಗ, ಮೊದಲ ಅಧ್ಯಾಯವನ್ನು ಪಿಷ್ಟಪಾಕಕ್ಕೆ, ಎಂದರೆ ಹಿಟ್ಟಿನಿಂದಾಗುವ ಭಕ್ಷ್ಯಗಳಿಗೆ ಮೀಸಲಿಟ್ಟನು. ಹಿಟ್ಟಿನ ಒಡಲಲ್ಲಿ ಸಿಹಿಯನ್ನು ಬಚ್ಚಿಡುವ ಕೌಶಲಕ್ಕೆ ನಮ್ಮ ನಾಡಿನಲ್ಲಿ ಇಷ್ಟು ಹಳೆಯ ಗೌರವವಿದೆ. ನಮ್ಮ ಹೋಳಿಗೆ, ಕರಿಗಡಬು, ಬೆಳಗಾವಿಯ ಮಂಡಿಗೆ, ಇಲ್ಲಿ ಪುಣೆಯವರ ಪುರಣಪೋಳಿ, ಕರಂಜಿ, ಇವೆಲ್ಲ ಒಂದೇ ಕುಲದವು. ಹಣ್ಣು ತುಂಬಿದ ಪೇಸ್ಟ್ರಿ ಆ ಮನೆತನಕ್ಕೆ ದೂರದಿಂದ ಬಂದ ನೆಂಟ.

ಕೊಂಡುತಂದ ಕಣಕದ ಮಾತಿಗೆ ಮರಳುತ್ತೇನೆ. ನಮ್ಮ ನೆರೆಯ ವಯೋವೃದ್ಧೆಯೊಬ್ಬರು, ಅವರನ್ನು ನಮ್ಮ ಓಣಿಯವರೆಲ್ಲ ಆಜಿ ಎಂದೇ ಕರೆಯುವುದು, ತಮ್ಮ ಎಳವೆಯ ದೀಪಾವಳಿಯನ್ನು ವರ್ಣಿಸುವಾಗ ತಪ್ಪದೆ ಹೇಳುವ ಸಂಗತಿಯೊಂದಿದೆ. ಆಗ ಮನೆಗಳಲ್ಲಿ ಓವನ್ ಇರಲಿಲ್ಲ. ಆದ್ದರಿಂದ ಹೆಂಗಸರು ಹಿಟ್ಟು, ಸಕ್ಕರೆ, ತುಪ್ಪಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಬೇಕರಿಗೆ ಹೋಗಿ, ಅಲ್ಲಿಯೇ ನಾನಖಟಾಯಿಯ ಕಣಕ ಕಲೆಸಿ, ತಟ್ಟೆಗಳಲ್ಲಿ ಜೋಡಿಸಿಕೊಟ್ಟು, ಭಟ್ಟಿಯಲ್ಲಿ ಬೆಂದುಬಂದುದನ್ನು ಮನೆಗೆ ಒಯ್ಯುತ್ತಿದ್ದರು. "ಭಟ್ಟಿ ಬೇಕರಿಯವನದು, ಫರಾಳ ನಮ್ಮದು" ಎಂದು ಆಜಿ ಆ ಹಬ್ಬದ ತಿಂಡಿಯ ಬಗ್ಗೆ ನಿಸ್ಸಂಶಯವಾಗಿ ನುಡಿಯುತ್ತಾರೆ. ಅಂದು ಕಣಕವು ಮನೆಯಿಂದ ಹೊರಟು ಪೇಟೆಯ ಬೆಂಕಿಯನ್ನು ಅರಸಿಕೊಂಡು ಹೋಗುತ್ತಿತ್ತು. ಇಂದು ಬೆಂಕಿ ಮನೆಯೊಳಗೇ ಇರುವುದರಿಂದ ಕಣಕವು ಪೇಟೆಯಿಂದ ಮನೆಗೆ ಬರುತ್ತದೆ. ದಾರಿ ತಿರುಗಿತೇ ಹೊರತು ಸಹಕಾರದ ಧರ್ಮ ಬದಲಾಗಲಿಲ್ಲ. ಬೀಸುವ ಕಲ್ಲನ್ನು ಬಿಟ್ಟು ಗಿರಣಿಗೆ ಕಾಳು ಒಯ್ಯತೊಡಗಿದ ಕಾಲದಲ್ಲಿಯೂ ಇದೇ ಶಂಕೆ ಕೆಲವರಿಗೆ ಬಂದಿರಬೇಕು. ಆದರೂ ಗಿರಣಿಯ ಹಿಟ್ಟಿನ ರೊಟ್ಟಿಯನ್ನು ಮನೆಯ ರೊಟ್ಟಿಯಲ್ಲವೆಂದು ಇಂದು ಯಾರೂ ಹೇಳರು.

ಇದಕ್ಕಿಂತ ಉಜ್ವಲವಾದ ದೃಷ್ಟಾಂತವೂ ಈ ಪ್ರಾಂತದಲ್ಲಿಯೇ ಇದೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಸ್ತ್ರೀಯರು 80 ರೂಪಾಯಿಗಳ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯ ವ್ಯವಸ್ಥೆಯಲ್ಲಿ, ಶಾಖೆಯಲ್ಲಿ ಸಿದ್ಧಪಡಿಸಿದ ಕಣಕವನ್ನು ಸದಸ್ಯೆಯರು ಬೆಳಗ್ಗೆ ಮನೆಗೊಯ್ದು, ಮನೆಯಲ್ಲಿಯೇ ಹಪ್ಪಳ ಲಟ್ಟಿಸಿ, ಒಣಗಿಸಿ ಹಿಂದಿರುಗಿಸುತ್ತಾರೆ. ಇನ್ನೊಬ್ಬರು ನಾದಿದ ಹಿಟ್ಟಿನ ಮೇಲೆ ತಮ್ಮ ಕೈಯ ಹದವನ್ನು ಮೂಡಿಸಿ ಸಹಸ್ರಾರು ಸಂಸಾರಗಳು ಮಾನದಿಂದ ಬಾಳಿವೆ. ಹಿಟ್ಟು ಕೊಂಡದ್ದಾದರೂ ಕೈಯ ಹದವನ್ನು ಯಾವ ಅಂಗಡಿಯೂ ಮಾರುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಅಂಗಡಿಯಿಂದ ಬಾರದ ಇನ್ನೊಂದು ವಸ್ತುವೆಂದರೆ ನೆಲದ ಗುಣ. ಕಣಕದ ಹಾಳೆ ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಬಹುಪಾಲು ಒಂದೇ. ಅದಕ್ಕೆ ಊರು ಕೊಡುವುದು ಹಣ್ಣು. ಚಳಿಗಾಲದಲ್ಲಿ ಮಹಾಬಳೇಶ್ವರ ಪಂಚಗಣಿಗಳ ಸ್ಟ್ರಾಬೆರಿ ಇಳಿದುಬರುತ್ತದೆ, ಜ್ಯೇಷ್ಠದ ಮುಂಚೆ ರತ್ನಾಗಿರಿಯ ಮಾವು ಬರುತ್ತದೆ, ಇವೆರಡೂ ಸೊಗಸೇ. ಆದರೆ ನನ್ನ ಪ್ರೀತಿಯೆಲ್ಲ ಪುರಂದರ ತಾಲೂಕಿನ ಅಂಜೂರದ ಮೇಲೆ. ಪುಣೆಯಿಂದ ದಿವೆ ಘಾಟನ್ನು ಏರಿ ಸಾಸವಡದ ಕಡೆಗೆ ಸಾಗಿದರೆ, ಜ್ಞಾನೇಶ್ವರರ ಪಾಲಖಿ ಪ್ರತಿವರ್ಷ ಪಂಢರಪುರಕ್ಕೆ ಹೊರಡುವ ಅದೇ ಹಾದಿಯ ಇಕ್ಕೆಲದ ಊರುಗಳಲ್ಲಿ, ನೀರು ನಿಲ್ಲದ ಇಳಿಜಾರು ಹೊಲಗಳಲ್ಲಿ ಈ ತೋಟಗಳಿವೆ. 2016ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಕನ್ನಡಿಗರಿಗೆ ಪುರಂದರದ ಹೆಸರು ಇನ್ನೊಂದು ಕಾರಣಕ್ಕೆ ಆಪ್ತ: ಪುರಂದರದಾಸರ ಜನ್ಮಭೂಮಿ ಇಲ್ಲಿಯ ಪುರಂದರಗಡವೇ ಎಂಬುದು ಬಹುಕಾಲದ ಪ್ರತೀತಿ, ತೀರ್ಥಹಳ್ಳಿಯ ಪ್ರಾಂತವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹರಿನಾಮವನ್ನು ಕಲ್ಲುಸಕ್ಕರೆಗೂ ಪಾಯಸಕ್ಕೂ ಹೋಲಿಸಿ ಹಾಡಿದ ಆ ಮಹಾನುಭಾವರು ಎಲ್ಲಿಯವರಾದರೂ, ಅವರ ಹೆಸರಿನೊಡನೆ ಬೆಸೆದ ನೆಲದ ಹಣ್ಣನ್ನು ಕೈಯಲ್ಲಿ ಹಿಡಿದಾಗ ಪರಸ್ಥಳದಲ್ಲಿದ್ದೇನೆಂಬ ಭಾವ ನನಗೆ ಬರುವುದಿಲ್ಲ.

ಅಂಜೂರವು ಅತ್ತಿ, ಆಲ, ಅರಳಿಗಳ ಬಂಧು. ಅದರ ಹೂಗಳು ಹಣ್ಣಿನ ಒಳಗೇ ಅಡಗಿರುತ್ತವೆ. ಕಿತ್ತ ಮೇಲೆ ಮಾವಿನಂತೆ ಮಾಗುವ ಗುಣ ಅದಕ್ಕಿಲ್ಲ. ಗಿಡದಲ್ಲಿಯೇ ಪಕ್ವವಾಗಬೇಕು, ಪಕ್ವವಾದೊಡನೆ ಕೊಯ್ಯಬೇಕು, ಕೊಯ್ದ ಒಂದೆರಡು ದಿನಗಳಲ್ಲಿ ತಿನ್ನಬೇಕು. ರೈತರು ವರ್ಷದ ಎರಡು ಬೆಳೆಗಳನ್ನು ಖಟ್ಟಾ ಬಹಾರ, ಮೀಠಾ ಬಹಾರವೆಂದು ಕರೆಯುತ್ತಾರೆ. ಮಳೆಗಾಲದ್ದು ಹುಳಿ, ಬೇಸಿಗೆಯದು ಸಿಹಿ. ಪುಣೆಯ ಮಾರುಕಟ್ಟೆಯಾದ ಮಂಡಯಿಯಲ್ಲಿ, ಬುಟ್ಟಿಯಲ್ಲಿ ಎಲೆ ಹಾಸಿ ಜೋಡಿಸಿಟ್ಟ ಈ ಹಣ್ಣುಗಳನ್ನು ಕೊಳ್ಳುವಾಗ, ಮಾರುವ ಮಾವಶಿಯ ಮಾತಿಗೆ ಕಿವಿಗೊಡುವುದು ಲೇಸು. ಇಂದೇ ತಿನ್ನಬೇಕಾದದ್ದು ಯಾವುದು, ನಾಳೆಯವರೆಗೆ ತಡೆಯುವುದು ಯಾವುದು ಎಂಬುದನ್ನು ಆಕೆ ಬೆರಳಿನ ಸ್ಪರ್ಶದಿಂದಲೇ ಹೇಳುತ್ತಾಳೆ.

ಮಾಡುವ ಬಗೆ ಸುಲಭ. ಹೆಪ್ಪುಗಟ್ಟಿದ ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿಟ್ಟರೆ ಹದವಾಗಿ ಸಡಿಲಗೊಳ್ಳುತ್ತದೆ. ಹೊರಗಿನ ಬಿಸಿಯಲ್ಲಿಟ್ಟು ಅವಸರಪಡಿಸಿದರೆ ಪದರುಗಳು ಕೂಡಿಕೊಳ್ಳುತ್ತವೆ. ಕೊಳ್ಳುವಾಗ ಹೊದಿಕೆಯ ಮೇಲಿನ ಅಕ್ಷರಗಳನ್ನು ಓದಬೇಕು. ಬೆಣ್ಣೆಯ ಹಾಳೆಗೂ ವನಸ್ಪತಿಯ ಹಾಳೆಗೂ ಪರಿಮಳದಲ್ಲಿ ಬಹಳ ಅಂತರವಿದೆ. ಎಂಟು ಅಂಜೂರಗಳನ್ನು ಹೋಳು ಮಾಡಿ, ಎರಡು ಚಮಚ ಸಕ್ಕರೆ, ಅರ್ಧ ನಿಂಬೆಯ ರಸ, ಒಂದಿಷ್ಟು ಏಲಕ್ಕಿ, ಒಂದು ಚಿಕ್ಕ ಚಮಚ ಜೋಳದ ಗಂಜಿಹಿಟ್ಟು ಬೆರೆಸಬೇಕು. ಸಕ್ಕರೆ ಹಣ್ಣಿನ ನೀರನ್ನು ಹೊರಸೆಳೆಯುತ್ತದೆ, ಗಂಜಿಹಿಟ್ಟು ಆ ನೀರನ್ನು ಮಂದಗೊಳಿಸಿ ಹಿಡಿದಿಡುತ್ತದೆ. ನಾಲ್ಕು ಅಂಗುಲದ ಚೌಕಗಳಾಗಿ ಕೊಯ್ದ ಹಾಳೆಯ ನಡುವೆ ಮೊದಲು ಟೋಸ್ಟಿನ ಪುಡಿಯನ್ನು ಉದುರಿಸಿ, ಅದರ ಮೇಲೆ ಹೂರಣವನ್ನಿಟ್ಟು, ಅಂಚಿಗೆ ನೀರು ಸವರಿ ಮುಕ್ಕೋನವಾಗಿ ಮಡಿಸಿ ಒತ್ತಿ, ಮೇಲೆ ಎರಡು ಗೀರು ಎಳೆದು ಆವಿಗೆ ದಾರಿ ಮಾಡಿಕೊಡಬೇಕು. ಕಾಲು ಗಂಟೆ ಮತ್ತೆ ತಂಪಿನಲ್ಲಿಟ್ಟು, ಹಾಲು ಸವರಿ, 200 ಡಿಗ್ರಿಗೆ ಮೊದಲೇ ಕಾಯಿಸಿದ ಓವನಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿದರೆ ಸಾಕು. ಹಾಲು ಅಂಚಿನಿಂದ ಕೆಳಕ್ಕೆ ಹರಿಯಬಾರದು, ಹರಿದರೆ ಪದರುಗಳು ಅಂಟಿಕೊಳ್ಳುತ್ತವೆ. ಹೊಂಬಣ್ಣ ಮೂಡುವವರೆಗೆ ಬಾಗಿಲು ತೆರೆಯಬಾರದು, ತೆರೆದರೆ ಉಬ್ಬಿದ್ದು ಕುಸಿಯುತ್ತದೆ.

ಈ ಸೌಲಭ್ಯದ ನಿಜವಾದ ಬೆಲೆ ಉಳಿದ ಸಮಯದಲ್ಲಿ ಮಾತ್ರವಿಲ್ಲ. ಹಿಂದೆ ಅತಿಥಿಗೆ ಕೈಯಾರೆ ಭಕ್ಷ್ಯ ಮಾಡಿ ಬಡಿಸುವ ಭಾಗ್ಯ, ಮನೆತುಂಬ ಕೈಗಳಿದ್ದವರಿಗೆ ಅಥವಾ ಇಡೀ ದಿನವನ್ನು ಒಲೆಯ ಮುಂದೆ ಸವೆಸಿದ ತಾಯಂದಿರಿಗೆ ಮಾತ್ರ ದಕ್ಕುತ್ತಿತ್ತು. ಚಿರೋಟಿಯ ಪ್ರತಿಯೊಂದು ಎಸಳಿನ ಹಿಂದೆಯೂ ಯಾರೋ ಹೆಣ್ಣುಮಗಳ ಬೆನ್ನುನೋವು ಇರುತ್ತಿತ್ತು, ಉಂಡವರು ಅದನ್ನು ನೆನೆಯುತ್ತಿದ್ದುದು ವಿರಳ. ಇಂದು ಹಿಂಜವಡಿಯ ಕಚೇರಿಯಿಂದ ಸಂಜೆ ದಣಿದು ಬಂದ ಸೊಸೆ, ಊರು ಬಿಟ್ಟು ಬಂದು ಬಾಡಿಗೆಯ ಕೋಣೆಯಲ್ಲಿ ಓದುತ್ತಿರುವ ವಿಜಯಪುರದ ಹುಡುಗ, ಕೈಗೆ ಲಟ್ಟಣಿಗೆ ಒಗ್ಗದ ವೃದ್ಧರು, ಇವರೆಲ್ಲರೂ ಗೆಳೆಯನನ್ನು ಊಟಕ್ಕೆ ಕರೆದು ಕೊನೆಗೆ ತಮ್ಮದೇ ಕೈಯಿಂದ ಸಿಹಿಯೊಂದನ್ನು ಇಡಬಲ್ಲರು. ಮನದಲ್ಲೇ ಮಂಡಿಗೆ ತಿನ್ನುವ ಅಗತ್ಯ ಅವರಿಗಿಲ್ಲ. ಆತಿಥ್ಯವು ಬಿಡುವುಳ್ಳವರ ಸ್ವತ್ತಾಗದೆ ಎಲ್ಲರ ಹಕ್ಕಾಗುವುದಾದರೆ, ಹಿಟ್ಟನ್ನು ಯಾರು ಮಡಿಸಿದರೆಂಬುದು ಅಭಿಮಾನಕ್ಕೆ ಕುಂದು ತರಲಾರದು. ಕಾಣದ ಆ ಕೈಗಳಿಗೂ, ಪುರಂದರದ ಹೊಲದಲ್ಲಿ ಬೆಳಕು ಹರಿಯುವ ಮುನ್ನ ಹಣ್ಣು ಬಿಡಿಸಿದವರಿಗೂ ಕೃತಜ್ಞರಾಗಿ, ಧ್ವನಿಯಲ್ಲಿ ಅಳುಕಿಲ್ಲದೆ "ಮನೆಯಲ್ಲೇ ಮಾಡಿದ್ದು" ಎನ್ನುವುದೇ ಯೋಗ್ಯ.